ಗೋಣಿಯವರು

"ನಮ್ಮೊಳಗೇ ಒಬ್ಬ ಮನೆಮುರುಕ ಇದ್ದಾನೆ," ಎಂದು ಮೇಸ್ತ್ರಿ ನೂಲಿನ ಗೋದಾಮಿನ ಬಾಗಿಲಿಗೆ ಚಿಲಕ ಹಾಕಿದ. ಪೆಟ್ಟಿಗೆಗಳ ಮೇಲೆ ಕೂತಿದ್ದ ಹತ್ತು ಆಟಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕ್ಲಬ್ಬು ಕಟ್ಟಿದವನು ಅವನೇ, ನಾಯಕನೂ ಅವನೇ. ಫುಟ್‌ಬಾಲ್ ಎಂದರೇನೆಂದು ಊರಿಗೆ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ ಮಗ್ಗದ ಕೆಲಸಗಾರರನ್ನು ಸೇರಿಸಿದ್ದ. ಬಣ್ಣದ ಮನೆಯಲ್ಲಿ ಮಿಕ್ಕ ನೀಲಿಯಲ್ಲಿ ಬನಿಯನ್ನು ಅದ್ದಿಸಿದ್ದ. ಮಿಲ್ಲಿನ ಹಿಂದಿನ ಬಯಲನ್ನು ಮಾಲೀಕರ ಹತ್ತಿರ ಬೇಡಿ ಪಡೆದಿದ್ದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ. ಇವನು ಮಲಗುವಾಗಲೂ ಆ ನೀಲಿ ಬನಿಯನ್ನು ಬಿಚ್ಚುತ್ತಿರಲಿಲ್ಲ.

ಈಗ ಮಾಲೀಕರು ಷರತ್ತು ಹಾಕಿದ್ದರು. ಭಾನುವಾರ ಗೋಣಿ ಮಿಲ್ಲಿನವರ ಮೇಲೆ ಗೆದ್ದರೆ ಬಯಲು ಕ್ಲಬ್ಬಿಗೆ. ಸೋತರೆ ಅಲ್ಲಿ ಹತ್ತಿಯ ಮೂಟೆ ಪೇರಿಸಲು ಶೆಡ್ಡು.

ಸೋಲುವುದೇ? ಗೋಣಿ ನೇಯುವವರ ಕೈಲಿ? ಮೇಸ್ತ್ರಿಯ ಮಿಲ್ಲಿನಲ್ಲಿ ನೇಯುತ್ತಿದ್ದದ್ದು ನಯವಾದ ಅಂಗಿ ಬಟ್ಟೆ. ಆಲೂಗಡ್ಡೆ ತುಂಬುವ ಚೀಲದವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿದವನಲ್ಲ. ಅವರ ತಲೆಯಲ್ಲೂ ನಾರೇ ತುಂಬಿದೆ ಎನ್ನುತ್ತಿದ್ದ.

ಆದರೂ ಹಿಂದಿನ ಎರಡು ಆಟಗಳಲ್ಲಿ ಆ ನಾರಿನ ತಲೆಗಳು ಇವನ ಒಂದೊಂದು ಉಪಾಯಕ್ಕೂ ಅಡ್ಡ ನಿಂತಿದ್ದವು. ಚೆಂಡು ಎಡಕ್ಕೆ ಹೊರಡುವ ಮೊದಲೇ ಅಲ್ಲಿ ಅವರ ಮೂವರು. ಗೋದಾಮಿನಲ್ಲಿ ಗುಟ್ಟಾಗಿ ಹೆಣೆದದ್ದನ್ನು ಮೈದಾನದಲ್ಲಿ ಕೂಗಿ ಹೇಳುವಷ್ಟು ದಡ್ಡನೂ ಅಲ್ಲ ಅವನು. ಮಗ್ಗಗಳ ಅಬ್ಬರದ ನಡುವೆ ಕೆಲಸ ಹೇಳುವಂತೆ, ದನಿ ತೆಗೆಯದೆ ಬರೀ ತುಟಿಯಾಡಿಸಿ ಅಪ್ಪಣೆ ಕೊಡುತ್ತಿದ್ದ. ಪಕ್ಕದಲ್ಲೇ ನಿಂತ ಎದುರಾಳಿಯ ಕಿವಿಗೂ ಏನೂ ಬೀಳುತ್ತಿರಲಿಲ್ಲ. ಅಂದಮೇಲೆ ಯಾರೋ ಮೊದಲೇ ಹೋಗಿ ಊದಿರಬೇಕು.

ಯಾರೆಂದು ಅವನಿಗೆ ಗೊತ್ತಿತ್ತು. ಗೋಲು ಕಾಯುವವನು ಅವನ ಹೆಂಡತಿಯ ತಮ್ಮ. ಮದುವೆಯಾಗಲು ಹೊರಟಿದ್ದದ್ದು ಗೋಣಿ ಮಿಲ್ಲಿನವನೊಬ್ಬನ ಮಗಳನ್ನು.

"ಹೇಳೋ. ಮಾವನ ಮನೆಗೆ ಊಟಕ್ಕೆ ಹೋದಾಗ ಏನೇನು ಬಡಿಸಿ ಬಂದೆ?"

"ನಾನೇನೂ ಹೇಳಿಲ್ಲ, ಭಾವ."

"ಮತ್ತೆ ಅವರಿಗೇನು ಕನಸು ಬಿತ್ತಾ?"

ಬಾಮೈದ ತಡವರಿಸಿದ. "ಮೈದಾನದಲ್ಲಿ ನೀವು ಸ್ವಲ್ಪ ಬಾಯಿ ಮುಚ್ಕೊಂಡಿದ್ರೆ ಸಾಕು ಭಾವ, ಗೆಲ್ತೀವಿ. ಯಾಕಂದ್ರೆ..."

ಯಾಕೆಂದು ಕೇಳುವ ತಾಳ್ಮೆ ಮೇಸ್ತ್ರಿಗಿರಲಿಲ್ಲ. ಎದ್ದು ಕೊರಳಪಟ್ಟಿ ಹಿಡಿದ. "ನನಗೇ ಬಾಯಿ ಮುಚ್ಚು ಅಂತೀಯಾ? ಉಂಡ ಮನೆ ಜಂತೆ ಎಣಿಸೋನೇ! ಬಿಚ್ಚೋ ಬನಿಯನ್ನು. ಇನ್ಮೇಲೆ ನನ್ನ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ."

ಉಳಿದವರು ಪೆಟ್ಟಿಗೆಗಳಿಂದ ಇಣುಕಿದ ನೂಲಿನೆಳೆ ಕೀಳುತ್ತಾ ಕೂತರು. ನಾಳೆ ಬೆಳಿಗ್ಗೆ ಅವರಿಗೆ ಮಗ್ಗ ಹಂಚುವವನೂ ಇದೇ ಮೇಸ್ತ್ರಿ. ಬಾಮೈದ ಬರಿಮೈಯಲ್ಲಿ ಬೀದಿಗಿಳಿದು ಹೋದ. ಮನೆಯಲ್ಲಿ ಹೆಂಡತಿ ತಟ್ಟೆ ಕುಕ್ಕಿ, "ನನ್ನ ತಮ್ಮ ಸುಳ್ಳು ಹೇಳೋನಲ್ಲ," ಎಂದಳು. "ನಿನ್ನ ಕಡೆಯವರೆಲ್ಲ ಇಷ್ಟೇ," ಎಂದು ಮೇಸ್ತ್ರಿ ಉಂಡು ಕೈ ತೊಳೆದ.

ಭಾನುವಾರ ಗೋಲು ಕಾಯಲು ಮೂಟೆ ಹೊರುವವನೊಬ್ಬನನ್ನು ನಿಲ್ಲಿಸಿದ. ಆಸಾಮಿ ಬಾಗಿಲಿನಷ್ಟು ಅಗಲ, ಬಾಗುತ್ತಿದ್ದದ್ದೂ ಬಾಗಿಲಿನಷ್ಟೇ. ಇರಲಿ, ದ್ರೋಹಿಯಂತೂ ಅಲ್ಲ. ಈ ಸಲ ಮೇಸ್ತ್ರಿ ಗೋದಾಮಿನಲ್ಲಿ ಒಂದು ಉಪಾಯವನ್ನೂ ಹೇಳಿರಲಿಲ್ಲ. ಆಡುತ್ತಾಡುತ್ತಲೇ ಯೋಚಿಸಿ, ಆಗಿಂದಾಗಲೇ ತುಟಿಯಲ್ಲಿ ಹೇಳಿದ. ಇನ್ನು ಯಾರು ಏನು ಮಾರಿಕೊಂಡಾರು?

ಎರಡೂ ಕಡೆ ಒಂದೊಂದು ಗೋಲಾಗಿತ್ತು. ಆಟ ಮುಗಿಯುವ ಹೊತ್ತಿಗೆ ಇವರಿಗೊಂದು ಮೂಲೆಯ ಒದೆತ ಸಿಕ್ಕಿತು. ಎಲ್ಲರೂ ಬಲಕ್ಕೆ ನುಗ್ಗಲಿ, ಚೆಂಡು ಹಿಂದೆ ಉಳಿದವನಿಗೆ ಬರಲಿ ಎಂದು ಮೇಸ್ತ್ರಿ ತುಟಿಯಗಲಿಸಿ ಹೇಳಿದ. ಒದೆಯುವವನ ಕಾಲು ಏಳುವ ಮೊದಲೇ ಗೋಣಿಯವನೊಬ್ಬ ಆ ಹಿಂದಿನವನ ಎದೆಗೆ ಎದೆ ಕೊಟ್ಟು ನಿಂತಿದ್ದ. ಚೆಂಡು ಅವನ ಪಾಲಾಯಿತು. ಮೈದಾನದ ಆ ತುದಿಯಲ್ಲಿ ಬಾಗಿಲು ಬಾಗುವಷ್ಟರಲ್ಲಿ ಗೋಲೂ ಆಯಿತು.

ಸೀಟಿ ಕೂಗಿತು. ಶೆಡ್ಡು ಎಲ್ಲಿಂದ ಎಲ್ಲಿಗೆ ಬರಬೇಕೆಂದು ಮಾಲೀಕರು ಆಗಲೇ ಕೋಲಿನಿಂದ ತೋರಿಸುತ್ತಿದ್ದರು.

ಗೋಣಿಯವರ ನಾಯಕ ಕೈಕುಲುಕಲು ಬಂದ. ಮೇಸ್ತ್ರಿ ಅವನ ಕೈ ಬಿಡಲಿಲ್ಲ. "ಬಾಮೈದನ್ನ ಆಚೆಗೆ ಹಾಕಿದ್ದಾಯ್ತು. ಇವತ್ತು ನಿನಗೆ ಹೇಳಿದೋನು ಯಾರು? ಹೆಸರು ಹೇಳು, ಅವನನ್ನೂ ಒದ್ದು ಓಡಿಸ್ತೀನಿ."

"ನೀವೇ ಹೇಳಿದ್ದಲ್ವಾ, ಮೇಸ್ತ್ರಿ?" ಎಂದ ಅವನು. "ಗೋಣಿ ಮಗ್ಗದ ಸದ್ದು ನಿಮ್ಮ ಮಗ್ಗದ್ದಕ್ಕಿಂತ ಜೋರು, ನಾವೂ ತುಟಿ ನೋಡೇ ಮಾತು ಕೇಳೋರು."