ತೋಳ ಕುಲದ ಹೊಸ ಮಗ

ಕಂಬಕ್ಕೆ ಕಟ್ಟಿದ್ದ ಬಿಳಿಯ ಸೈನಿಕನ ಸುತ್ತ ಹೆಂಗಸರು ಸೌದೆ ಒಟ್ಟುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ಬೆಳೆದು ನಿಂತ ಮೆಕ್ಕೆಜೋಳಕ್ಕೆ ಬೆಂಕಿಯಿಟ್ಟವನು, ಹೊಲದಲ್ಲಿ ಬಗ್ಗಿ ನಿಂತಿದ್ದ ಮುದುಕಿಯ ಬೆನ್ನಿಗೆ ಗುಂಡು ಹೊಡೆದವನು ಅವನು. ಹೆಸರು ಪಿಕೆಟ್. ಯುದ್ಧಕ್ಕೆ ಮೊದಲು ಜಿಂಕೆತೊಗಲು ಕೊಳ್ಳಲು ಬರುತ್ತಿದ್ದವನು, ಹಾಗಾಗಿ ನಮ್ಮ ಚೆರೋಕಿ ಮಾತು ಚೆನ್ನಾಗಿ ಬಲ್ಲ.

ಆ ಮುದುಕಿ ನಮ್ಮ ಯುದ್ಧನಾಯಕ ತವೋಡಿಯ ತಾಯಿ.

ತವೋಡಿ ಮಾತ್ರ ದೂರದಲ್ಲಿ ಕುಳಿತು ನೋಡುತ್ತಿದ್ದ. ಮರುದಿನ ಬೆಳಿಗ್ಗೆ ಅವನೂ ಸಾಯಬೇಕಿತ್ತು. ಹಿಂದಿನ ಕಾಳಗದ ಹೊಗೆಯಲ್ಲಿ ಅವನ ಗುಂಡು ಜಿಂಕೆ ಕುಲದ ನಮ್ಮವನೇ ಒಬ್ಬನಿಗೆ ತಗುಲಿತ್ತು. ಕೈತಪ್ಪಿ ಆದದ್ದೋ ಬೇಕೆಂದೇ ಮಾಡಿದ್ದೋ ಎಂದು ರಕ್ತ ವಿಚಾರಿಸುವುದಿಲ್ಲ. ತವೋಡಿಯ ತೋಳ ಕುಲದ ಒಂದು ಪ್ರಾಣ ಹೋಗಲೇಬೇಕು. ‘ಅಣ್ಣನ ಬದಲು ನಾನು’ ಎಂದು ಎದ್ದ ತಮ್ಮನ ಕೆನ್ನೆಗೆ ಬಾರಿಸಿ ತವೋಡಿ ಕೂರಿಸಿದ್ದ. ಬಿಳಿಯರ ಪಡೆ ಎರಡು ದಿನದ ದಾರಿಯಲ್ಲಿತ್ತು. ಕಣಿವೆಯಲ್ಲಿ ಅದನ್ನು ತಡೆಯಬಲ್ಲವನು ಅವನೊಬ್ಬನೇ. ಜಿಂಕೆ ಕುಲದವರಿಗೂ ಇದು ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಸತ್ತವನ ತಾಯಿಯ ಹೊಟ್ಟೆ ತಣ್ಣಗಾಗುತ್ತದೆಯೇ?

ಆಗ ತವೋಡಿಯ ತಂಗಿ ವಲೇಲ ಬಂದಳು. ಊರಿನ ಹಿರಿತಾಯಿ ಅವಳು. ಸೆರೆಯಾಳಿನ ಸಾವು ಬದುಕು ಅವಳ ಕೈಯಲ್ಲಿ. ವಸಂತದ ಕಾಳಗದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡಿದ್ದಳು. ಕೊಳ್ಳಿ ಅವಳೇ ಇಡುತ್ತಾಳೆಂದು ಎಲ್ಲರೂ ದಾರಿ ಬಿಟ್ಟರು.

ವಲೇಲ ಹಂಸದ ರೆಕ್ಕೆಯನ್ನು ಮೇಲೆತ್ತಿದಳು.

“ಕಟ್ಟು ಬಿಚ್ಚಿ. ಇವನನ್ನ ನನ್ನ ಮಗ ಅಂತ ತಗೊಂಡಿದೀನಿ.”

ಹೆಂಗಸರು ಸೌದೆ ಎಸೆದು ನೆಲಕ್ಕೆ ಉಗಿದರು. ದುಃಖ ಇವಳ ತಲೆ ತಿಂದಿದೆ ಎಂದು ಮುದುಕರು ಗೊಣಗಿದರು. ಆದರೂ ರೆಕ್ಕೆ ಎತ್ತಿದ ಮೇಲೆ ಎದುರಾಡುವಂತಿಲ್ಲ.

ಅವನನ್ನು ಹೊಳೆಗೆ ಕರೆದೊಯ್ದು ಏಳು ಸಲ ಮುಳುಗಿಸಿದಳು. ಮೈ ಕೆಂಪಾಗುವಷ್ಟು ಮರಳಿನಿಂದ ಉಜ್ಜಿದಳು. ಬಿಳಿಯರ ರಕ್ತವೆಲ್ಲ ಹೊಳೆಯ ಪಾಲಾಯಿತು ಎಂದಳು. ತೀರಿಕೊಂಡ ಮಗನ ಹೆಸರನ್ನೇ ಇಟ್ಟಳು: ಸಲೋಲಿ. ಸಭಾಮನೆಯಲ್ಲಿ ಏಳೂ ಕುಲದವರನ್ನು, ಇವನು ಇನ್ನು ತೋಳ ಕುಲದವನೇ ತಾನೇ ಎಂದು ಒಬ್ಬೊಬ್ಬರನ್ನಾಗಿ ಕೇಳಿ, ಹಲ್ಲು ಕಚ್ಚಿಕೊಂಡೇ ಆದರೂ ಅವರ ಬಾಯಲ್ಲಿ ಹೂಂ ಎನ್ನಿಸಿದಳು.

ಪಿಕೆಟ್ ಬೇಗ ಚೇತರಿಸಿಕೊಂಡ. ವಲೇಲಳ ಅಂಗಳದಲ್ಲಿ ಕಾಲು ಚಾಚಿ ಕೂತು, ಕಾಳು ಹಾಕಿದ ರೊಟ್ಟಿ ಮೆಲ್ಲುತ್ತ, ನೀರಿಗೆ ಹೊರಟ ಹೆಂಗಸರನ್ನು ಕೂಗಿದ.

“ಬನ್ರವ್ವ, ತಿನ್ನಿ. ನೀವು ಒಟ್ಟಿದ ಸೌದೇಲೇ ಅಮ್ಮ ನಂಗೆ ರೊಟ್ಟಿ ಬೇಯ್ಸಿದ್ದಾಳೆ.”

ಸಂಜೆ ತವೋಡಿ ತಂಗಿಯ ಹೊಸ್ತಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ಅವ್ವನ್ನ ಕೊಂದೋನಿಗೆ ಉಣ್ಣೋಕಿಕ್ತಿದೀಯ. ನಾಳೆ ನನ್ನ ಹೆಣ ಹೊರೋಕೂ ಇವನನ್ನೇ ಕಳಿಸ್ತೀಯಾ?”

“ನಾಳೆ ನಿನ್ನ ಜೊತೆಗೇ ಬರ್ತಾನಣ್ಣ,” ಎಂದಳು ವಲೇಲ, ತಲೆಯೆತ್ತದೆ. “ಸೋದರಮಾವನಿಗೆ ಅಳಿಯ ಆಗದೆ ಇನ್ಯಾರು ಆಗ್ತಾರೆ?”

“ನಂಗೆ ತಂಗಿ ಇಲ್ಲ ಅಂದ್ಕೋತೀನಿ.”

ಅವನು ಹೋದ. ಅವಳು ಒಲೆಯ ಮೇಲೆ ಇನ್ನೊಂದು ರೊಟ್ಟಿ ಇಟ್ಟಳು.

ಬೆಳಿಗ್ಗೆ ಜಿಂಕೆ ಕುಲದ ಅಂಗಳದಲ್ಲಿ ಊರೇ ನೆರೆದಿತ್ತು. ಸತ್ತವನ ಸೋದರಮಾವ ಕೊಡಲಿ ಹಿಡಿದು ನಿಂತಿದ್ದ. ತವೋಡಿ ಅಂಗಿ ಕಳಚಿ, ಕತ್ತು ಬಾಗಿಸಿ ಮಂಡಿಯೂರಿದ. ಜನ ವಲೇಲಳತ್ತ ಉರಿಗಣ್ಣು ಬಿಟ್ಟರು. ಹೊಸ ಅಂಗಿ ತೊಡಿಸಿ, ತಲೆ ಬಾಚಿ, ಅವಳು ಪಿಕೆಟ್‌ನನ್ನು ಕೈಹಿಡಿದು ಕರೆತರುತ್ತಿದ್ದಳು. ಇವತ್ತೇನು ಹಬ್ಬವಾ ಅಮ್ಮ ಎಂದು ಅವನು ಕೇಳುತ್ತಿದ್ದ.

ವಲೇಲ ಅಣ್ಣನನ್ನು ದಾಟಿ ಮುಂದೆ ಹೋದಳು. ಕೊಡಲಿಯ ಎದುರಿಗೆ ನಿಂತು ಪಿಕೆಟ್‌ನ ಕೈ ಬಿಟ್ಟಳು.

“ತೋಳ ಕುಲದೋನು ಅಂತ ನೀವೂ ಹೂಂ ಅಂದಿದೀರಿ. ನನ್ನ ಮಗನ್ನ ತಗೊಳ್ಳಿ. ಅಣ್ಣನಿಗೆ ಕಣಿವೇಲಿ ಕೆಲಸ ಇದೆ.”