ಫ್ರೇಮಿನೊಳಗಿನ ಜೋಡಿ

ತಂಗಿಗೆ ಗಂಡು ಹುಡುಕಿದವಳೂ ಅಕ್ಕನೇ, ಮದುವೆಯ ಉಡುಗೊರೆಗೆಂದು ಹಿತ್ತಾಳೆ ಬಳ್ಳಿಯ ಆ ಡಿಸೈನರ್ ಫೋಟೊ ಫ್ರೇಮು ಹುಡುಕಿದವಳೂ ಅವಳೇ. ತಂಗಿಯ ಮನೆಯ ಶೋಕೇಸಿನ ನಟ್ಟನಡುವೆ ಅದನ್ನು ಕಂಡು ಖುಷಿಯಾಯಿತು. ಹತ್ತಿರ ಹೋಗಿ ನೋಡಿದರೆ, ಒಳಗಿದ್ದದ್ದು ಅಂಗಡಿಯವರು ಮಾದರಿಗೆಂದು ಇಟ್ಟಿದ್ದ ಚಿತ್ರ. ಯಾರೋ ಗಂಡ ಹೆಂಡತಿ ತಲೆಗೆ ತಲೆ ತಾಗಿಸಿ ನಗುತ್ತಿದ್ದರು.

“ವರ್ಷ ಆಯ್ತಲ್ಲೇ, ನಿಮ್ಮ ಫೋಟೊ ಹಾಕೋಕೆ ಪುರುಸೊತ್ತಿಲ್ವಾ?” ಎಂದು ರೇಗಿಸುತ್ತ ಅಕ್ಕ ಫ್ರೇಮಿನ ಹಿಂಬದಿಯ ಮುಚ್ಚಳ ತೆಗೆದಳು. ಮಾದರಿ ಚಿತ್ರದ ಹಿಂದೆಯೇ ತಂಗಿಯ ಮದುವೆಯ ಫೋಟೊ ಅಡಗಿ ಕೂತಿತ್ತು.

“ಇದನ್ಯಾಕೆ ಹಿಂದಿಟ್ಟೆ?”

ತಂಗಿ, ಗಂಡ ಮಲಗಿದ್ದ ಕೋಣೆಯತ್ತ ಒಮ್ಮೆ ನೋಡಿ, ಫ್ರೇಮನ್ನು ಅಕ್ಕನ ಕೈಯಿಂದ ತೆಗೆದುಕೊಂಡು ಮೆಲ್ಲಗೆ ಮುಚ್ಚಳ ಹಾಕಿದಳು.

“ಇರ್ಲಿ ಬಿಡು ಅಕ್ಕಾ. ಈ ಮನೇಲಿ ನಗೋರು ಅಂದ್ರೆ ಇವರಿಬ್ಬರೇ.”