ಮುಂಗೈ ಕವಚ

ಹಂಡೆಯ ಕುದಿನೀರಿಗೆ ಹಾಕಿದ ಚರ್ಮದ ಎರಡು ತುಂಡುಗಳು ಹುಲುಗೇಶನ ಕಣ್ಣೆದುರೇ ಮುದುಡತೊಡಗಿದವು. ಅವನು ಕೋಲಿನಿಂದ ಎತ್ತಿ ಅಂಗಳದ ಕಲ್ಲಿನ ಮೇಲೆ ಹಾಕುವಷ್ಟರಲ್ಲಿ ಉದ್ದವೂ ಅಗಲವೂ ಕಡಿಮೆಯಾಗಿ ದಪ್ಪ ಮಾತ್ರ ಹೆಚ್ಚಾಗಿತ್ತು. ಸ್ವಲ್ಪ ಆರಿದ ಮೇಲೆ ಒಂದನ್ನು ಮುಂಗೈಗೆ ಸುತ್ತಿ ನೋಡಿದ. ಎರಡು ಅಂಚುಗಳ ನಡುವೆ ಮೂರು ಬೆರಳು ತೂರುವಷ್ಟು ಅಂತರ ಉಳಿಯಿತು.

ಹಂಪಿ ಉತ್ಸವದ ಮೆರವಣಿಗೆಯಲ್ಲಿ ಅವನು ವಿಜಯನಗರದ ಸೈನಿಕ. ರೆಕ್ಸಿನ್ ಪಟ್ಟಿ ಕ್ಯಾಮೆರಾದಲ್ಲಿ ಸಂತೆಚೀಲದ ಹಾಗೆ ಕಾಣುತ್ತದೆ, ನಿಜವಾದ ಚರ್ಮದ ಮುಂಗೈ ಕವಚ ತಂದವರಿಗೇ ಮುಂದಿನ ಸಾಲು ಎಂದು ತಂಡ ನಡೆಸುವ ಮಾಲತೇಶ್ ಈ ಸಲ ಹೇಳಿಬಿಟ್ಟಿದ್ದರು. ಪ್ರತಿ ವರ್ಷ ಹಿಂದಿನ ಸಾಲಿನಲ್ಲಿ ಧೂಳು ಕುಡಿದಿದ್ದ ಹುಲುಗೇಶ್, ಕಂಪ್ಲಿಯ ಚಪ್ಪಲಿ ಹೊಲಿಯುವವರಿಂದ ತಂಗಡಿ ಗಿಡದ ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮ ತಂದಿದ್ದ. ಚರ್ಮವನ್ನು ಕೈ ಇಡಬಹುದಾದಷ್ಟು ಬಿಸಿ ನೀರಿನಲ್ಲಿ ನೆನೆಸಿ ಎಂದು ಫೋನಿನ ವಿಡಿಯೊದಲ್ಲಿ ಹೇಳಿದ್ದರು. ಹೊಸಪೇಟೆಯ ಶೆಡ್ಡೊಂದರಲ್ಲಿ ದಿನವೂ ಕಬ್ಬಿಣ ಕಾಯಿಸುವ ಅವನಿಗೆ ಅದು ಸಾಲದೆನಿಸಿತು. ಗಟ್ಟಿಯಾಗಲಿ ಎಂದು ನೀರನ್ನು ಕುದಿಸಿದ. ಕಾದದ್ದು ಹಿಗ್ಗುತ್ತದೆ ಎಂದು ಲೆಕ್ಕ ಹಾಕಿ, ಅಳತೆಗಿಂತ ಬೆರಳಗಲ ಕಡಿಮೆಯೇ ಕತ್ತರಿಸಿದ್ದ. ಚರ್ಮದ ನಾರು ಕುದಿನೀರಿನಲ್ಲಿ ಹಿಗ್ಗುವುದಿಲ್ಲ, ಸುರುಟಿಕೊಂಡು ಕುಗ್ಗುತ್ತದೆ.

ಎಮ್ಮಿಗನೂರಿನ ಹೊಲದಲ್ಲಿ ಕಬ್ಬು ಕಡಿದು ಹೆಂಡತಿ ತಾಯಕ್ಕ ಅದೇ ಹೊತ್ತಿಗೆ ಮನೆಗೆ ಬಂದಳು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ; ಅದರ ಹರಿದ ತೋಳುಗಳ ಮೇಲೆ, ಬೆರಳಿನ ಕಡೆ ಕತ್ತರಿಸಿ ಮೊಣಕೈವರೆಗೆ ಏರಿಸಿದ ಹಳೆಯ ಕಾಲುಚೀಲ.

"ಏನ್ರಿ ಇದು, ಹಪ್ಪಳ ಕರದೀರೇನು?"

"ನಗಬ್ಯಾಡಲೇ. ಇದ್ದ ಚರ್ಮ ಇಷ್ಟಽ. ನಾಡಿದ್ದು ಮೆರವಣಿಗಿ."

"ತರ್ರಿ ಇಲ್ಲಿ, ನೋಡೋಣು."

ಎರಡೂ ಕಾಲುಚೀಲ ಕಿತ್ತು, ಅಂಗಿಯ ತೋಳುಗಳನ್ನು ಮೇಲೇರಿಸಿ, ಚರ್ಮದ ಒಂದು ತುಂಡನ್ನು ಬಲ ಮುಂಗೈಗೆ ಸುತ್ತಿಕೊಂಡಳು. ಅದಿನ್ನೂ ಬೆಚ್ಚಗೆ, ಮೆತ್ತಗೆ ಇತ್ತು. ಅಂಚಿಗೆ ಅಂಚು ಕೂಡಿತು.

"ಭಾಳ ಚಂದ. ನನ್ನ ಅಳತಿಗೇ ಕುದಿಸೀರಿ!"

ಅಂಚು ಒತ್ತಿ ಹಿಡಿಯಲು ಬಗ್ಗಿದ ಹುಲುಗೇಶ್ ಅವಳ ಇನ್ನೊಂದು ಕೈ ನೋಡಿ ತಡೆದು ನಿಂತ. ಮಣಿಕಟ್ಟಿನಿಂದ ಮೊಣಕೈವರೆಗೆ ಕೂದಲೆಳೆಯಂಥ ಗೀರುಗಳು, ಒಂದರ ಮೇಲೊಂದು. ಹಳೆಯವು ಬಿಳುಪಾಗಿದ್ದವು, ಇವತ್ತಿನವು ಕೆಂಪಗಿದ್ದವು. ಅದು ಎಡಗೈ; ಬಲಗೈ ಕತ್ತಿ ಬೀಸುವಾಗ ಕಬ್ಬನ್ನು ತಬ್ಬಿ ಹಿಡಿಯುವ ಕೈ.

"ಇಷ್ಟೊಂದು ಯಾವಾಗ ಆದ್ವು?"

"ಸೀಜನ್ ಸುರುವಾದಾಗಿಂದ ಅದಾವು. ಹೋದ ವರ್ಷನೂ ಇದ್ವು. ಕಬ್ಬಿನ ಗರಿ ಕೊಯ್ಯದ ಬಿಡ್ತೈತೇನು?"

"ಹೇಳಬಾರದಾಗಿತ್ತಾ?"

"ಏನಂತ ಹೇಳ್ಲಿ? ದಿನಾ ಇದಽ ಕೈಲಿಂದನ ನಿಮಗ ಊಟಕ್ಕ ನೀಡ್ತೀನಲ್ಲ."

ಹುಲುಗೇಶ್ ಇನ್ನೊಂದು ತುಂಡನ್ನು ಅವಳ ಎಡಗೈಗೆ ಸುತ್ತಿ, ಎರಡಕ್ಕೂ ದಾರ ಬಿಗಿದು, ಆರುವವರೆಗೂ ಅಲುಗಾಡಿಸಬೇಡ ಎಂದ. ತಾಯಕ್ಕ ಎರಡೂ ಕೈ ಮುಂದೆ ಚಾಚಿಕೊಂಡು ಗೋಡೆಗೆ ಒರಗಿ ಕುಳಿತಳು.

"ಹಿಂಗ ಕುಂತ್ರ ರೊಟ್ಟಿ ಯಾರು ಬಡೀಬೇಕು?"

"ನಾನಽ ಬಡೀತೀನಿ."

"ಬಡೀರಿ. ಅವನ್ನೂ ಕುದಿಸಬ್ಯಾಡ್ರಿ ಮತ್ತ."

ಮರುದಿನಕ್ಕೆ ಕವಚಗಳು ಒಣಗಿ ಮರದ ಹಲಗೆಯಂತಾದವು. ಹುಲುಗೇಶ್ ಅಂಚುಗಳಲ್ಲಿ ತೂತು ಕೊರೆದು ದಾರ ಪೋಣಿಸಿದ. ಆಗ ಒಂದು ಉಪಾಯ ಹೊಳೆಯಿತು. ದಾರ ಉದ್ದ ಬಿಟ್ಟು, ಅಂತರವನ್ನು ಕೈಯ ಒಳಮಗ್ಗುಲಿಗೆ ತಿರುಗಿಸಿದರೆ, ತನ್ನ ಕೈಗೂ ನಿಲ್ಲುತ್ತದೆ. ಮೆರವಣಿಗೆಯಲ್ಲಿ ಒಳಮಗ್ಗುಲು ನೋಡುವವರು ಯಾರು? ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತ. ಥೇಟ್ ಮುಂದಿನ ಸಾಲಿನ ಸೈನಿಕ.

ಮೆರವಣಿಗೆಯ ದಿನ ಬೆಳಿಗ್ಗೆ ಅವನು ಅವನ್ನು ಕಟ್ಟಿಕೊಳ್ಳುತ್ತಿದ್ದಾಗ ತಾಯಕ್ಕ ಹೊಸ್ತಿಲ ಬಳಿ ಕಾಲುಚೀಲ ಏರಿಸಿಕೊಳ್ಳುತ್ತಿದ್ದಳು. ಒಂದರ ನೇಯ್ಗೆ ಪೂರಾ ಬಿಟ್ಟುಹೋಗಿತ್ತು.

"ಇವತ್ತ ನೀವು ಹಾಕ್ಕೊಳ್ರಿ," ಎಂದಳು. "ನಾಳಿಂದ ನಾ ಒಯ್ತೀನಿ. ಒಂದು ದಿನಕ್ಕ ಏನಾಕ್ಕೈತಿ?"

ಹುಲುಗೇಶ್ ಹಲ್ಲಿನಿಂದ ಕವಚದ ಗಂಟು ಬಿಚ್ಚಿದ.

"ಕೈ ಚಾಚು."

ಹಂಪಿಯಲ್ಲಿ ಮಾಲತೇಶ್ ಅವನ ಬರಿಗೈ ನೋಡಿ ಏನೂ ಕೇಳದೆ ಹಿಂದಿನ ಸಾಲು ತೋರಿಸಿದರು. ಕವಚ ಇಲ್ಲದವರನ್ನೆಲ್ಲ ಅವರು ಗಾಯಾಳುಗಳನ್ನಾಗಿ ಮಾಡಿದ್ದರು. ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿ, ಅವನ ಮೊಣಕೈಯಿಂದ ಮಣಿಕಟ್ಟಿಗೆ ಹೆಬ್ಬೆರಳು ದಪ್ಪದ ಒಂದು ಗೆರೆ ಎಳೆಯಲು ಹೊರಟರು.

"ಸರ್, ಹಂಗ ಬ್ಯಾಡ್ರಿ. ಸಣ್ಣ ಸಣ್ಣವು ಬರೀರಿ. ಒಂದರ ಮ್ಯಾಲೊಂದು. ಎಡಗೈಗೆ ಜಾಸ್ತಿ."

"ಲೇ, ಕತ್ತಿ ಏಟು ಹಂಗ ಇರ್ತೈತೇನಲೇ? ಸಣ್ಣವು ಬರದ್ರ ದೂರ ನಿಂತೋರಿಗೆ ಕಾಣಾಂಗಿಲ್ಲ."

ಹುಲುಗೇಶ್ ಕೈ ಚಾಚಿಕೊಂಡೇ ಇದ್ದ.

"ಹತ್ರ ಇದ್ದೋರಿಗೂ ಕಾಣಾಂಗಿಲ್ರಿ ಸರ್."